ದೇವರ ಅಸ್ತಿತ್ವಕ್ಕೆ ಒಂದು ಅಂಕ

ನಾನು ಬಿಟ್ಟು ಬಂದ ಕುರ್ಚಿಗೆ ಹೊಸತಾಗಿ ಸೇರಿದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಹೆಸರು ಶ್ರಾವ್ಯ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಚಿನ್ನದ ಪದಕವೂ ಉಂಟು.

"ಮೇಡಂ, ಸೋಮವಾರದಿಂದ 'ದೇವರ ಅಸ್ತಿತ್ವ' ಪಾಠ ಶುರು ಮಾಡ್ಬೇಕು. ನಿಮ್ಮ ಹತ್ರ ನೋಟ್ಸ್ ಉಂಟಾ?" ಎಂದು ಕೇಳಿದಳು.

ನೋಟ್ಸ್ ಉಂಟು. ಕಳಿಸಿಕೊಟ್ಟೆ. ಆದರೆ ಅದರಲ್ಲಿರುವುದು ವಾದಗಳು ಮಾತ್ರ. ಆ ಪಾಠ ಮಾಡುವ ಮನುಷ್ಯರಿಗೆ, ಕೇಳುವ ಮನುಷ್ಯರಿಗೆ ಏನೇನಾಗುತ್ತದೆ ಎಂಬುದು ಅದರಲ್ಲಿ ಇಲ್ಲ. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಜಲಜಾ ರೈ. ಮಂಗಳೂರಿನ ಬಂದರಿಗೆ ನಡೆದು ಹೋಗುವಷ್ಟು ದೂರದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ತತ್ತ್ವಶಾಸ್ತ್ರ ಕಲಿಸಿದೆ. ನಮ್ಮ ಮನೆಯವರೆಲ್ಲ ಹೋಟೆಲಿನವರು. ನಾನು ಎಂತ ಕಲಿಸುತ್ತೇನೆ ಎಂಬುದು ಅಮ್ಮನಿಗೆ ಕೊನೆಯವರೆಗೂ ಸರಿಯಾಗಿ ಗೊತ್ತಾಗಲಿಲ್ಲ.

"ದೇವರು ಇದ್ದಾರೆ ಅಂತ ಹೇಳಿಕೊಡುವುದಾ, ಇಲ್ಲ ಅಂತ ಹೇಳಿಕೊಡುವುದಾ?" ಎಂದು ಒಮ್ಮೆ ಕೇಳಿದರು.

"ಎರಡೂ, ಅಮ್ಮ."

"ಎರಡಕ್ಕೂ ಒಂದೇ ಸಂಬಳವಾ?"

ಪಡೀಲಿನಲ್ಲಿ ನಮ್ಮ ನೆರೆಕರೆಯವರು ನನ್ನನ್ನು ದೇವರ ಟೀಚರ್ ಎಂದು ಕರೆಯುತ್ತಿದ್ದರು. ಗೃಹಪ್ರವೇಶಕ್ಕೆ ಒಳ್ಳೆಯ ದಿನ ಯಾವುದು ಎಂದು ಕೇಳಲು ಬರುತ್ತಿದ್ದರು. ಮೊದಮೊದಲು, ಅದು ನನ್ನ ವಿಷಯ ಅಲ್ಲ ಎಂದು ವಿವರಿಸುತ್ತಿದ್ದೆ. ಆಮೇಲೆ ಕ್ಯಾಲೆಂಡರ್ ನೋಡಿ ಹೇಳಲು ಶುರು ಮಾಡಿದೆ. ವಿವರಿಸುವುದಕ್ಕಿಂತ ಅದೇ ಬೇಗ ಮುಗಿಯುತ್ತಿತ್ತು.

ಕೆಲಸಕ್ಕೆ ಸೇರಿದ ದಿನ ನನಗೆ ಮೊದಲು ಸಿಕ್ಕಿದವರು ಭುಜಂಗ ರಾವ್. ಅವರು ಕಾಮರ್ಸ್ ಅಧ್ಯಾಪಕರು, ನನಗಿಂತ ಎರಡು ವರ್ಷ ಮೊದಲು ಕೆಲಸಕ್ಕೆ ಸೇರಿದವರು, ಆಗ ಟೈಮ್ ಟೇಬಲ್ ಮಾಡುವ ಜವಾಬ್ದಾರಿ ಅವರದ್ದು. ಉದ್ದ ಸ್ಕೇಲು, ಎರಡು ಬಣ್ಣದ ಪೆನ್ನು ಇಟ್ಟುಕೊಂಡು ಕೂತಿದ್ದರು.

"ಮೇಡಂ, ದೇವರಿಗೆ ಎಷ್ಟು ಪೀರಿಯಡ್ ಬೇಕು?"

"ಎಂಟು ಬೇಕು ಸರ್. ವ್ಯಾಖ್ಯಾನಕ್ಕೆ ಎರಡು, ಸಾಧನೆಗೆ ನಾಲ್ಕು, ಖಂಡನೆಗೆ ಎರಡು."

"ಆರರಲ್ಲಿ ಮುಗಿಸ್ಲಿಕ್ಕೆ ಆಗುವುದಿಲ್ವಾ? ಕಾಸ್ಟ್ ಅಕೌಂಟಿಂಗಿಗೆ ರೂಮ್ ಇಲ್ಲ."

ನಾನು ಹೊಸಬಳು. ಒಪ್ಪಿಕೊಂಡೆ. ಖಂಡನೆಯ ಎರಡು ಪೀರಿಯಡ್ ಬಿಟ್ಟುಕೊಟ್ಟೆ. ಆ ಇಡೀ ವರ್ಷ ನಮ್ಮ ಕಾಲೇಜಿನಲ್ಲಿ ದೇವರನ್ನು ಸಾಧಿಸಲಾಯಿತು, ಖಂಡಿಸಲು ರೂಮ್ ಇರಲಿಲ್ಲ. ವರ್ಕ್ ಡೈರಿಯಲ್ಲಿ 'ದೇವರ ಅಸ್ತಿತ್ವ: ಮುಗಿದಿದೆ' ಎಂದು ಬರೆದು ಸಹಿ ಮಾಡಿದೆ. ಪ್ರಿನ್ಸಿಪಾಲರು ಅದರ ಕೆಳಗೆ 'ನೋಡಿದೆ' ಎಂದು ಬರೆದು ತಾವೂ ಸಹಿ ಮಾಡಿದರು.

ಮುಂದೆ ಉತ್ತರ ಪತ್ರಿಕೆಗಳು ಬಂದವು. ಶ್ರಾವ್ಯ, ನೀನು ಇದಕ್ಕೆ ತಯಾರಾಗಿರಬೇಕು. 'ದೇವರ ಅಸ್ತಿತ್ವವನ್ನು ಸಾಧಿಸುವ ಯಾವುದಾದರೂ ಒಂದು ವಾದವನ್ನು ವಿವರಿಸಿ' ಎಂಬ ಹತ್ತು ಅಂಕದ ಪ್ರಶ್ನೆಗೆ ಒಬ್ಬ ಹುಡುಗ ಒಂದೇ ಒಂದು ವಾಕ್ಯ ಬರೆದಿದ್ದ: 'ದೇವರು ಇದ್ದಾನೆ, ಇಲ್ಲದಿದ್ದರೆ ನಾನು ಎರಡನೇ ವರ್ಷಕ್ಕೆ ಬರುತ್ತಿರಲಿಲ್ಲ.' ನಾನು ಬಹಳ ಹೊತ್ತು ಆ ವಾಕ್ಯವನ್ನು ನೋಡುತ್ತಾ ಕೂತೆ. ಕಾರ್ಯದಿಂದ ಕಾರಣಕ್ಕೆ ಹೋಗುವ ವಾದ ಅದು. ಅವನ ಮೊದಲ ವರ್ಷದ ಅಂಕಗಳನ್ನು ತೆಗೆಸಿ ನೋಡಿದೆ. ಬೇರೆ ಯಾವ ಕಾರಣವೂ ಕಾಣಲಿಲ್ಲ. ಆರು ಅಂಕ ಕೊಟ್ಟೆ. ಅವನು ಸಾಲದು ಎಂದು ಮರುಮೌಲ್ಯಮಾಪನಕ್ಕೆ ಹಾಕಿದ. ಅಲ್ಲಿ ಇನ್ನೊಬ್ಬರು ಎರಡು ಕೊಟ್ಟರು. ಹುಡುಗ ನಂಬಿಕೆ ಕಳೆದುಕೊಂಡು ಅರ್ಥಶಾಸ್ತ್ರಕ್ಕೆ ಹೋದ.

ನಡುವಿನ ವರ್ಷಗಳನ್ನು ಹಾರಿಸುತ್ತೇನೆ. ಬಡ್ತಿ ಬಂತು, ಕನ್ನಡಕ ಬಂತು, ಭುಜಂಗ ರಾವ್ ಪ್ರಿನ್ಸಿಪಾಲ್ ಆದರು. ಕಾಲೇಜು ಸ್ವಾಯತ್ತ ಆಯಿತು, ಅಂದರೆ ನಮ್ಮ ಪರೀಕ್ಷೆ ನಾವೇ ಮಾಡಿ ನಾವೇ ಫಲಿತಾಂಶ ಕೊಡುವುದು. ಅದರೊಂದಿಗೆ ಫಾರ್ಮುಗಳೂ ಬಂದವು. ಪ್ರತಿ ಪಾಠಕ್ಕೂ 'ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು ಏನು ಮಾಡಲು ಶಕ್ತನಾಗುತ್ತಾನೆ' ಎಂದು ಬರೆಯಬೇಕು. ನಾನು ಅವಸರದಲ್ಲಿ 'ದೇವರ ಅಸ್ತಿತ್ವವನ್ನು ಸಾಧಿಸಲು ಶಕ್ತನಾಗುತ್ತಾನೆ' ಎಂದು ಬರೆದುಬಿಟ್ಟೆ. ತಪಾಸಣೆಗೆ ಬಂದ ತಂಡದ ಹಿರಿಯರೊಬ್ಬರು ಅದರ ಮೇಲೆ ಬೆರಳಿಟ್ಟರು.

"ಎಷ್ಟು ಮಂದಿ ಶಕ್ತರಾದರು?"

"ಮುಕ್ಕಾಲು ಪಾಲು ಆಗಿರಬಹುದು ಸರ್."

"ಉಳಿದವರಿಗೆ ರೆಮೆಡಿಯಲ್ ಕ್ಲಾಸ್ ಮಾಡಿದ್ದೀರಾ? ಫೋಟೋ ಉಂಟಾ?"

ಫೋಟೋ ಇರಲಿಲ್ಲ. ಮರುದಿನ ಏಳು ಮಂದಿಯನ್ನು ಕೂರಿಸಿ ರೆಮೆಡಿಯಲ್ ಕ್ಲಾಸ್ ಮಾಡಿ ಫೋಟೋ ತೆಗೆದೆವು. ಅವರಲ್ಲಿ ಇಬ್ಬರು ಬಾಟನಿಯವರು, ಸಂಖ್ಯೆ ಸಾಲದೆ ಕರೆತಂದದ್ದು.

ಇಷ್ಟೆಲ್ಲ ಆಗುವಾಗ ನನಗೆ ಈ ಪ್ರಶ್ನೆಯ ಮೇಲಿದ್ದ ಕುತೂಹಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಯಾರು ಏನು ಹೇಳಿದರು, ಯಾರು ಅದನ್ನು ಹೇಗೆ ಮುರಿದರು ಎಂದು ಬಾಯಿಪಾಠ ಒಪ್ಪಿಸುತ್ತಿದ್ದೆ. ಗುಲಾಬಿ ಕರ್ಕೇರ ಬಂದದ್ದು ಆ ಹೊತ್ತಿಗೆ.

ನಮ್ಮಲ್ಲಿ ದುಡಿಯುವವರಿಗಾಗಿ ಸಂಜೆ ಕಾಲೇಜು ಇತ್ತು. ಗುಲಾಬಿ ನದಿಯಾಚೆಯ ಬೆಂಗ್ರೆಯವರು, ನಲವತ್ತನಾಲ್ಕು ವರ್ಷ. ಮೊದಲು ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದರು. ಆಮೇಲೆ ಬೆಂಗ್ರೆಯ ಮೀನುಗಾರರ ಸೊಸೈಟಿಯಲ್ಲಿ ಸಹಾಯಕಿಯಾಗಿ ಸೇರಿದ್ದರು. ಅಲ್ಲಿಯ ಕಾರ್ಯದರ್ಶಿ ಮೂರು ವರ್ಷದಲ್ಲಿ ನಿವೃತ್ತರಾಗುವವರಿದ್ದರು. ಕೆಲಸ ಎಲ್ಲ ಮಾಡುತ್ತಿದ್ದದ್ದು ಗುಲಾಬಿಯೇ, ಆದರೆ ಕುರ್ಚಿಗೆ ಡಿಗ್ರಿ ಬೇಕು ಎಂದು ನಿಯಮ. ಅದಕ್ಕೇ ಬಂದದ್ದು.

"ತತ್ತ್ವಶಾಸ್ತ್ರ ಯಾಕೆ ತೆಗೊಂಡ್ರಿ?" ಎಂದು ಮೊದಲ ದಿನ ಕೇಳಿದೆ.

"ಬೇರೆ ಸಬ್ಜೆಕ್ಟ್ ಮುಗಿಯುವಾಗ ಕೊನೆಯ ಫೆರಿ ಹೋಗಿರ್ತದೆ ಮೇಡಂ. ಇದೊಂದೇ ಬೇಗ ಬಿಡುವುದು."

ಅವರು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರಲಿಲ್ಲ, ಕೇಳುತ್ತಿದ್ದರು. ಅಧ್ಯಾಪಕರಿಗೆ ಇದು ಸ್ವಲ್ಪ ಹೆದರಿಕೆಯ ವಿಷಯ. ಬರೆದುಕೊಳ್ಳುವವರು ನಮ್ಮ ಮುಖ ನೋಡುವುದಿಲ್ಲ.

ಒಂದು ದಿನ ಪಶ್ಚಿಮದ ಒಂದು ಹಳೆಯ ವಾದವನ್ನು ಹೇಳುತ್ತಿದ್ದೆ. ದೇವರು ಅಂದರೆ ಎಲ್ಲಕ್ಕಿಂತ ಪರಿಪೂರ್ಣವಾದದ್ದು. ಇಲ್ಲದ್ದಕ್ಕಿಂತ ಇರುವುದು ಹೆಚ್ಚು ಪರಿಪೂರ್ಣ. ಹಾಗಾಗಿ ದೇವರು ಇರಲೇಬೇಕು. ಇದನ್ನು ಅರ್ಥ ಮಾಡಿಸಲು ಇಪ್ಪತ್ತೈದು ವರ್ಷಗಳಿಂದ ನನ್ನ ಹತ್ತಿರ ಒಂದೇ ಉದಾಹರಣೆ.

"ಒಂದು ಅಂಜಲ್ ಮೀನು ಕಲ್ಪನೆ ಮಾಡಿಕೊಳ್ಳಿ. ಅದಕ್ಕಿಂತ ಒಳ್ಳೆಯ ಅಂಜಲ್ ಇಲ್ಲ. ಈಗ ಅದು ಕಲ್ಪನೆಯಲ್ಲಿ ಮಾತ್ರ ಇದ್ದರೆ ಒಳ್ಳೆಯದೋ, ನಿಜವಾಗಿ ಇದ್ದರೆ ಒಳ್ಳೆಯದೋ?"

ಎಲ್ಲರೂ ಎಂದಿನಂತೆ "ನಿಜವಾಗಿ ಇದ್ದರೆ" ಎಂದರು. ಗುಲಾಬಿ ಕೈ ಎತ್ತಿದರು.

"ಇಲ್ಲದಿದ್ದರೇ ಒಳ್ಳೆಯದು ಮೇಡಂ."

"ಅದು ಹೇಗೆ?"

"ಇಲ್ಲದ ಮೀನು ಹಾಳಾಗುವುದಿಲ್ಲ. ಇರುವ ಮೀನು ಎಷ್ಟು ಒಳ್ಳೆಯದಾದ್ರೂ ಮಧ್ಯಾಹ್ನದ ಮೇಲೆ ಕೇಳುವವರಿಲ್ಲ."

ಕ್ಲಾಸು ನಕ್ಕಿತು. ನಾನು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿ ನಿಂತೆ. ಇರುವುದು ಇಲ್ಲದಿರುವುದಕ್ಕಿಂತ ಮೇಲು ಎಂದು ಯಾರು ಹೇಳಿದ್ದು? ಪುಸ್ತಕದಲ್ಲಿ ಹೇಳಿತ್ತು, ನಾನು ಹೇಳುತ್ತಿದ್ದೆ. ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬೆಲ್ ಹೊಡೆಯಲು ಇನ್ನೂ ಹನ್ನೆರಡು ನಿಮಿಷ ಇತ್ತು. "ಈ ದಿನ ಇಷ್ಟು ಸಾಕು, ಫೆರಿಗೆ ತಡವಾಗ್ತದೆ" ಎಂದು ಬಿಟ್ಟುಬಿಟ್ಟೆ. ನನ್ನ ವೃತ್ತಿಯಲ್ಲಿ ನಾನು ತಪ್ಪಿಸಿಕೊಂಡು ಓಡಿದ್ದು ಅದೊಂದೇ ಸಲ.

ಅವರ ಕೊನೆಯ ವರ್ಷದ ಪರೀಕ್ಷೆಯೇ ನನ್ನ ಕೊನೆಯ ಪರೀಕ್ಷೆಯೂ ಆಯಿತು. ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಆ ವರ್ಷದಿಂದ ಉದ್ದ ಉತ್ತರ ರದ್ದು. ನೂರು ಪ್ರಶ್ನೆ, ನಾಲ್ಕು ಆಯ್ಕೆ, ಸರಿಯಾದದ್ದರ ವೃತ್ತವನ್ನು ಪೆನ್ನಿನಲ್ಲಿ ಕಪ್ಪು ಮಾಡಬೇಕು, ಮಿಶಿನ್ ಓದುತ್ತದೆ. ಪಾಸಾಗಲು ಮೂವತ್ತೈದು. ಭುಜಂಗ ರಾವ್ ನನ್ನನ್ನು ಕರೆದು, "ಮೇಡಂ, ತತ್ತ್ವಶಾಸ್ತ್ರ ಈಗ ವೈಜ್ಞಾನಿಕ ಆಯಿತು ನೋಡಿ" ಎಂದರು.

ಪ್ರಶ್ನೆಗಳನ್ನು ನಾನೇ ಬರೆದೆ. ಅರವತ್ತೊಂದನೆಯದನ್ನು ಹೀಗೆ ಬರೆದಿದ್ದೆ: 'ಸಾಂಖ್ಯ ದರ್ಶನದ ಪ್ರಕಾರ ದೇವರ ಅಸ್ತಿತ್ವವನ್ನು...' ಕೆಳಗೆ, ಅ: ಸಾಧಿಸಬಹುದು. ಆ: ಸಾಧಿಸಲಾಗದು. ಇ: ಸಾಧಿಸುವ ಅಗತ್ಯವಿಲ್ಲ. ಈ: ವ್ಯಾಖ್ಯಾನಿಸಿದರೆ ಸಾಕು. ಸಾಂಖ್ಯರ ಪ್ರಕಾರ ಉತ್ತರ 'ಆ'. ಇದರಲ್ಲಿ ತಕರಾರಿಲ್ಲ, ಯಾವ ಪಠ್ಯದಲ್ಲೂ ಸಿಗುತ್ತದೆ.

ಟೈಪ್ ಆಗಿ ಬಂದಾಗ 'ಸಾಂಖ್ಯ ದರ್ಶನದ ಪ್ರಕಾರ' ಎಂಬ ಮೂರು ಪದ ಬಿದ್ದುಹೋಗಿದ್ದವು. ಕರಡು ತಿದ್ದಿದ್ದು ನಾನು. ನೂರು ಪ್ರಶ್ನೆಯನ್ನೂ ಓದಿದ್ದೇನೆ ಎಂದು ಸಹಿ ಮಾಡಿದ್ದೂ ನಾನು. ಓದಿದ್ದೆ ಕೂಡ. ಆದರೆ ಎಲ್ಲಿ ಎಂತ ಇರಬೇಕೋ ಅದನ್ನು ಕಣ್ಣು ತಾನೇ ತುಂಬಿಸಿಕೊಂಡು ಹೋಗಿತ್ತು.

ಪರೀಕ್ಷೆ ಮುಗಿದ ಮೂರನೇ ದಿನ ಕಾಲೇಜಿನ ಗೋಡೆಯ ಮೇಲೆ ಸರಿ ಉತ್ತರಗಳ ಪಟ್ಟಿ ಅಂಟಿಸಿದರು. ಅದರಲ್ಲಿ, ಕಾಲೇಜಿನ ಮೊಹರಿನೊಂದಿಗೆ, ಪ್ರಿನ್ಸಿಪಾಲರ ಸಹಿಯೊಂದಿಗೆ, 'ದೇವರ ಅಸ್ತಿತ್ವವನ್ನು: ಸಾಧಿಸಲಾಗದು' ಎಂದು ಪ್ರಕಟವಾಯಿತು.

ಸಂಜೆಯೊಳಗೆ ಯಾರೋ ಅದರ ಫೋಟೋ ತೆಗೆದು ಊರಿಡೀ ಕಳಿಸಿದ್ದರು. ಮರುದಿನ ಬೆಳಿಗ್ಗೆ ಪಡೀಲಿನ ರಿಕ್ಷಾದವರು, ನನಗೆ ಇಪ್ಪತ್ತು ವರ್ಷದ ಪರಿಚಯ, ಮೀಟರ್ ಹಾಕುವ ಮೊದಲು ತಿರುಗಿ ನೋಡಿದರು. "ಎಂತ ಟೀಚರ್, ಇಲ್ಲ ಅಂತ ಆಯ್ತಂತಲ್ಲ?"

"ಇಲ್ಲ ಅಂತ ಅಲ್ಲ. ಸಾಧಿಸ್ಲಿಕ್ಕೆ ಆಗುವುದಿಲ್ಲ ಅಂತ."

"ಅದು ಬೇರೆ ಉಂಟಾ?"

"ಬೇರೆ ಉಂಟು."

ಕಾಲೇಜು ಬಂತು. ನಾನು ಇಳಿಯುವಾಗ ಅವರು, "ಹಾಗಾದ್ರೆ ನಾನು ಈ ಫೋಟೋ ತೆಗೀಬೇಕಾಗಿಲ್ಲ" ಎಂದು ಹ್ಯಾಂಡಲ್ ಮೇಲಿನ ದೇವರ ಪಟವನ್ನು ಒರೆಸಿಕೊಂಡರು.

ಸರಿ ಉತ್ತರದ ಮೇಲೆ ಆಕ್ಷೇಪ ಇದ್ದರೆ ಫಾರ್ಮ್ ತುಂಬಿ ಆಧಾರ ಲಗತ್ತಿಸಬೇಕು ಎಂದು ನಿಯಮ. ಬೇರೆ ತೊಂಬತ್ತೊಂಬತ್ತು ಪ್ರಶ್ನೆಗಳ ಮೇಲೆ ಒಂದು ಆಕ್ಷೇಪವೂ ಬರಲಿಲ್ಲ. ಅರವತ್ತೊಂದರ ಮೇಲೆ ಒಂದು ಕಟ್ಟು ಬಂತು. ಒಬ್ಬನು ಅಪ್ಪನ ಆಸ್ಪತ್ರೆಯ ಬಿಡುಗಡೆ ಪತ್ರ ಲಗತ್ತಿಸಿದ್ದ. ಅದರಲ್ಲಿ 'ರೋಗಿಯ ಸ್ಥಿತಿ: ಸುಧಾರಿಸಿದೆ' ಎಂಬುದಕ್ಕೆ ಕೆಂಪು ಗೆರೆ ಎಳೆದಿದ್ದ. ಇನ್ನೊಬ್ಬಳು ಹರಕೆ ಹೇಳಿದ ಮೇಲೆ ಎದ್ದ ಮನೆಯ ಎರಡನೇ ಮಾಳಿಗೆಯ ಫೋಟೋ, ಮೊದಲು ಮತ್ತು ನಂತರ. ಮೂರನೆಯವನು ಸಂಸ್ಕೃತ ಶ್ಲೋಕಗಳ ಜೆರಾಕ್ಸ್ ಇಟ್ಟು ಅದಕ್ಕೆ ಅಧಿಕಾರಿಯೊಬ್ಬರ ಮೊಹರು ಹಾಕಿಸಿದ್ದ: 'ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ, ಸರಿಯಾಗಿದೆ.' ಆ ಅಧಿಕಾರಿ ಯಾರೆಂದು ನೋಡಿದೆ. ಪಶುವೈದ್ಯರು.

ಮಿಶಿನ್ ಆ ಹೊತ್ತಿಗೆ ಒಂದು ಉತ್ತರ ಹಾಳೆಯನ್ನು ಓದಲಾರೆ ಎಂದು ಹೊರಗೆ ಹಾಕಿತ್ತು. ಗುಲಾಬಿಯದ್ದು. ಕೈಯಲ್ಲಿ ತಿದ್ದಬೇಕೆಂದು ನನ್ನ ಮೇಜಿಗೆ ಬಂತು.

ಅರವತ್ತು ಪ್ರಶ್ನೆಗಳಿಗೆ ಉತ್ತರ ಇತ್ತು. ಮೂವತ್ತನಾಲ್ಕು ಸರಿ. ಅರವತ್ತೊಂದರಲ್ಲಿ ಅವರು ನಾಲ್ಕು ವೃತ್ತಗಳನ್ನೂ ಮುಟ್ಟದೆ, ಪಕ್ಕದಲ್ಲಿ ಪೆನ್ನಿನಿಂದ ಐದನೆಯ ವೃತ್ತ ಬಿಡಿಸಿದ್ದರು. ಬಳೆಯ ಅಂಚಿಟ್ಟು ಎಳೆದಷ್ಟು ಚೆಂದದ ವೃತ್ತ. ಅದರ ಮುಂದೆ ಸಣ್ಣ ಅಕ್ಷರದಲ್ಲಿ 'ಉ: ನನಗೆ ಗೊತ್ತಿಲ್ಲ' ಎಂದು ಬರೆದು, ಆ ವೃತ್ತವನ್ನು ನಿಯಮದಂತೆ ಪೂರ್ತಿ ಕಪ್ಪು ಮಾಡಿದ್ದರು. ಅರವತ್ತೆರಡರಿಂದ ನೂರರವರೆಗೆ ಖಾಲಿ.

ಅವರನ್ನು ಕರೆಸಿದೆ.

"ಉಳಿದ ಮೂವತ್ತೊಂಬತ್ತು ಯಾಕೆ ಬಿಟ್ರಿ ಗುಲಾಬಿ? ಗೊತ್ತಿಲ್ಲದಿದ್ದರೂ ಏನಾದರೊಂದಕ್ಕೆ ಕಪ್ಪು ಮಾಡಿದ್ರೆ ನಾಲ್ಕಾರು ಅಂಕ ಬರ್ತಿತ್ತಲ್ಲ."

"ಟೈಮ್ ಆಯ್ತು ಮೇಡಂ. ಅರವತ್ತೊಂದರಲ್ಲಿ ಒಂದು ಗಂಟೆ ನಿಂತುಬಿಟ್ಟೆ."

"ಒಂದೇ ಪ್ರಶ್ನೆಗೆ ಒಂದು ಗಂಟೆಯಾ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಡಿಸಿದರು. "ಕನ್ನಡದಲ್ಲಿ ಅಸ್ತಿತ್ವ ಅಂದ್ರೆ ನನಗೆ ತಲೆಗೆ ಹೋಗುವುದಿಲ್ಲ. ತುಳುವಿನಲ್ಲಿ ಮಾಡಿಕೊಂಡೆ. ದೇವೆರ್ ಉಲ್ಲೆರಾ? ಹಾಗೆ ಮಾಡಿದ್ದೇ ತಪ್ಪಾಯ್ತು. ನಾನು ಹದಿನೈದು ವರ್ಷ ಮೀನಿನ ಬುಟ್ಟಿ ಇಟ್ಟುಕೊಂಡು ಮನೆಮನೆ ಬಾಗಿಲಲ್ಲಿ ಇದನ್ನೇ ಕೇಳಿದ್ದು. ಉಲ್ಲೆರಾ? ಇದ್ದಾರಾ? ಒಳಗಿಂದ ಮಾತಾಡಿದ್ರೆ ಇದ್ದಾರೆ. ಮಾತಾಡದಿದ್ರೆ? ಹೊರಗೆ ಹೋಗಿರಬಹುದು. ಮಲಗಿರಬಹುದು. ಮೀನು ಬೇಡ ಅಂತ ಒಳಗೇ ಸುಮ್ಮನೆ ಕೂತಿರಬಹುದು. ಅಂಥ ಮನೆ ಎಷ್ಟು ಉಂಟು ಗೊತ್ತುಂಟಾ? ಅದು ಮನೆಯೇ ಅಲ್ಲ, ದನದ ಹಟ್ಟಿ, ಯಾರೂ ಇರುವ ಜಾಗವೇ ಅಲ್ಲ ಅಂತಲೂ ಇರಬಹುದು. ಬಾಗಿಲು ನೋಡಿ ಹೇಳ್ಲಿಕ್ಕೆ ಆಗುವುದಿಲ್ಲ ಮೇಡಂ. ನಿಮ್ಮ ನಾಲ್ಕರಲ್ಲಿ ಅದು ಇರ್ಲಿಲ್ಲ. ಸುಳ್ಳು ಕಪ್ಪು ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ನಾನು ಅವರ ಮುಂದೆ ಕೂತು ಹೇಳಬೇಕಾಗಿದ್ದದ್ದು ಇಷ್ಟೇ: ಆ ಪ್ರಶ್ನೆ ಅದಲ್ಲ, ಸಾಂಖ್ಯರು ಎಂತ ಹೇಳಿದ್ದಾರೆ ಎಂದು ಮಾತ್ರ ನಾನು ಕೇಳಿದ್ದು, ಮೂರು ಪದ ಬಿದ್ದುಹೋಗಿದೆ. ಹೇಳಲಿಲ್ಲ. ನಾಚಿಕೆಯಾಯಿತು. ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನು ನೇರವಾಗಿ ಕೇಳಿದ್ದು ಒಂದೇ ಸಲ, ಅದೂ ಅಚ್ಚಿನ ತಪ್ಪಿನಿಂದ. ಅದಕ್ಕೆ ಯೋಚನೆ ಮಾಡಿ ಉತ್ತರ ಕೊಟ್ಟವರೂ ಒಬ್ಬರೇ, ಅವರು ಒಂದು ಅಂಕದಲ್ಲಿ ಫೇಲ್.

ಆಕ್ಷೇಪಗಳ ವಿಚಾರಣೆಗೆ ಸಮಿತಿ ಕೂತಿತು. ಮೂವರು: ಅಧ್ಯಕ್ಷರಾಗಿ ಭುಜಂಗ ರಾವ್, ಪ್ರಶ್ನೆ ತೆಗೆದವಳಾಗಿ ನಾನು, ಹೊರಗಿನ ತಜ್ಞರಾಗಿ ಫಾದರ್ ಲಿಗೋರಿ. ಫಾದರ್ ಪಾದ್ರಿಗಳಾಗುವವರಿಗೆ ನಲವತ್ತು ವರ್ಷ ತತ್ತ್ವಶಾಸ್ತ್ರ ಕಲಿಸಿದವರು. ಮೆತ್ತಗಿನ ದನಿ, ಕೈಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ.

ಭುಜಂಗ ರಾವ್ ಗಡಿಯಾರ ನೋಡಿದರು. "ದೇವರು ಇರ್ಲಿ, ಇಲ್ಲದಿರ್ಲಿ, ಶುಕ್ರವಾರ ರಿಸಲ್ಟ್ ಬರ್ಬೇಕು. ಫಾರ್ಮಿನಲ್ಲಿ ಮೂರು ಕಾಲಂ ಉಂಟು. 'ಸಾಧಿಸಲಾಗದು' ಎಂಬುದು ಸರಿ, ತಪ್ಪು, ಅಥವಾ ಪ್ರಶ್ನೆ ರದ್ದು. ಫಾದರ್, ಸರಿ ಅಂತ ಹಾಕೋಣವಾ?"

"ಸಾಧಿಸಲಾಗದು ಅಂತ ನಾನು ಹೇಗೆ ಸಹಿ ಹಾಕುವುದು ಮಾರಾಯ್ರೆ? ನಲವತ್ತು ವರ್ಷ ಸಾಧಿಸಿದ್ದೇನೆ."

"ಹಾಗಾದ್ರೆ ತಪ್ಪು ಅಂತ ಹಾಕಿ. ಸಾಧಿಸಬಹುದು."

"ಅದೂ ಕಷ್ಟವೇ. ಪೂರ್ತಿ ಸಾಧಿಸಿ ಆದ್ರೆ ಮತ್ತೆ ನಂಬುವುದು ಯಾಕೆ? ಈಗ ಹೊರಗೆ ಮಳೆ ಬರ್ತಾ ಉಂಟು ಅಂತ ನಾವು ನಂಬುವುದಿಲ್ಲ, ನೋಡ್ತೇವೆ. ದೇವರನ್ನು ಮಳೆ ಮಾಡಿದ್ರೆ ನನಗೆ ಕೆಲಸ ಇಲ್ಲ."

ಭುಜಂಗ ರಾವ್ ನಿಯಮದ ಪುಸ್ತಕ ತೆರೆದರು. ಪ್ರಶ್ನೆ ರದ್ದು ಮಾಡಲು ಎರಡೇ ಕಾರಣ: ಪಠ್ಯಕ್ರಮದ ಹೊರಗಿನದ್ದು, ಅಥವಾ ಅಚ್ಚಿನ ದೋಷ. ಅವರ ಮುಖ ಅರಳಿತು.

"ಬರ್ಕೊಳ್ಳಿ ಮೇಡಂ. ದೇವರು ಪಠ್ಯಕ್ರಮದ ಹೊರಗೆ."

"ಮೂರನೇ ಘಟಕದ ತಲೆಬರಹವೇ ಅದು ಸರ್."

"ಹೋ." ಪುಟ ತಿರುಗಿಸಿದರು. "ಹಾಗಾದ್ರೆ ಇದು ನೋಡಿ, ಒಂದಕ್ಕಿಂತ ಹೆಚ್ಚು ಸರಿ ಉತ್ತರ ಅಂತ ಒಂದು ಉಂಟು. ಅ, ಆ, ಇ, ಈ, ನಾಲ್ಕೂ ಸರಿ. ಸಾಧಿಸಬಹುದು, ಸಾಧಿಸಲಾಗದು, ಅಗತ್ಯವಿಲ್ಲ, ವ್ಯಾಖ್ಯಾನಿಸಿದರೆ ಸಾಕು. ಯಾವುದಕ್ಕೆ ಕಪ್ಪು ಮಾಡಿದ್ರೂ ಒಂದು ಅಂಕ. ಎಲ್ಲರಿಗೂ ಸಮಾಧಾನ."

ಫಾದರ್ ಲಿಗೋರಿ ಭೂತಗನ್ನಡಿ ಕೆಳಗಿಟ್ಟರು. "ಇದಕ್ಕೆ ನಾನು ಸಹಿ ಹಾಕ್ತೇನೆ" ಎಂದರು. "ಇದರ ಮೇಲೆ ಪುಸ್ತಕವೇ ಬರೀಬಹುದು."

ಇಬ್ಬರೂ ಸಹಿ ಮಾಡಿ ಹಾಳೆಯನ್ನು ನನ್ನ ಕಡೆ ಸರಿಸಿದರು. ನನಗೆ ಬೇಕಾಗಿದ್ದದ್ದೂ ಇದೇ. ಮೂರು ಪದದ ವಿಷಯ ಯಾರಿಗೂ ಗೊತ್ತಾಗುವುದಿಲ್ಲ, ಎರಡು ತಿಂಗಳಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಪೆನ್ನು ತೆಗೆದೆ. ಆಗ ಹೊಳೆಯಿತು. ನಾಲ್ಕೂ ಸರಿ ಎಂದಾದರೆ ಇಡೀ ಕಾಲೇಜಿಗೆ ಅಂಕ ಸಿಗುತ್ತದೆ. ಸಿಗದಿರುವುದು ಒಬ್ಬರಿಗೆ ಮಾತ್ರ. ಗುಲಾಬಿ ಕಪ್ಪು ಮಾಡಿದ್ದು ಐದನೆಯದನ್ನು.

ಗುಲಾಬಿಯ ಹಾಳೆಯನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದೆ.

"ಒಬ್ಬರಲ್ವಾ?" ಎಂದರು ಭುಜಂಗ ರಾವ್. "ಮುಂದಿನ ವರ್ಷ ಬರೀತಾರೆ."

"ಮುಂದಿನ ವರ್ಷ ಆ ಕುರ್ಚಿ ಇರುವುದಿಲ್ಲ ಸರ್. ಪ್ರಶ್ನೆ ರದ್ದು ಮಾಡಿ. ಅಚ್ಚಿನ ದೋಷ."

"ಯಾವ ಅಚ್ಚಿನ ದೋಷ?"

ಹೇಳಿದೆ. ಕೈಬರಹದ ಮೂಲ ಪ್ರತಿ ಬ್ಯಾಗಿನಲ್ಲೇ ಇತ್ತು, ತೋರಿಸಿದೆ. ಭುಜಂಗ ರಾವ್ ಎರಡು ಸಲ ಓದಿದರು. ಅವರಿಗೆ ನನ್ನ ಮೇಲೆ ಸಿಟ್ಟು ಬಂದದ್ದಕ್ಕಿಂತ ಹೆಚ್ಚು ಬೇಸರ ಆದದ್ದು ಕಂಡಿತು.

"ಮೇಡಂ, ಇದನ್ನು ದಾಖಲೆಗೆ ತಂದ್ರೆ ನಾನು ನಿಮಗೆ ನೋಟಿಸ್ ಕೊಡ್ಬೇಕಾಗ್ತದೆ. ಮ್ಯಾನೇಜ್‌ಮೆಂಟ್‌ನವರು ಬಿಡುವುದಿಲ್ಲ. ಊರಿಡೀ ದೇವರು ಇಲ್ಲ ಅಂತ ಹೋದದ್ದು ನಿಮ್ಮಿಂದ ಅಂತ ಆಗ್ತದೆ. ರಿಟೈರ್ ಆಗುವ ಹೊತ್ತಿನಲ್ಲಿ ಬೇಕಾ ಇದು?"

"ಬೇಡ ಸರ್. ಆದರೆ ಬರ್ಕೊಳ್ಳಿ."

ಬರೆದುಕೊಂಡರು. ಅಷ್ಟರಲ್ಲಿ ಅವರ ಬೆರಳು ನಿಯಮದ ಇನ್ನೊಂದು ಸಾಲಿನ ಮೇಲೆ ನಿಂತಿತು. ರದ್ದಾದ ಪ್ರಶ್ನೆಯ ಅಂಕ, ಅದನ್ನು ಉತ್ತರಿಸಲು ಪ್ರಯತ್ನಿಸಿದವರಿಗೆ ಮಾತ್ರ.

"ಇವರು ಪ್ರಯತ್ನಿಸಿದ್ದಾರೆ ಅಂತ ಹೇಗೆ ಹೇಳುವುದು? ಕೊಟ್ಟ ವೃತ್ತ ಒಂದನ್ನೂ ಮುಟ್ಟಲಿಲ್ಲ."

ಫಾದರ್ ಲಿಗೋರಿ ಹಾಳೆ ತೆಗೆದುಕೊಂಡು ಭೂತಗನ್ನಡಿಯಲ್ಲಿ ಐದನೆಯ ವೃತ್ತವನ್ನು ಬಹಳ ಹೊತ್ತು ನೋಡಿದರು. ಮತ್ತೆ ಕಟ್ಟಿನಿಂದ ಬೇರೆ ಹತ್ತಿಪ್ಪತ್ತು ಹಾಳೆ ಎಳೆದು ಅವನ್ನೂ ನೋಡಿದರು.

"ಪ್ರಯತ್ನ ಅಂತ ಮಾಡಿದ್ದು ಇವರೊಬ್ಬರೇ ಭುಜಂಗ ರಾಯರೇ" ಎಂದರು. "ಉಳಿದವರಿಗೆ ಕೊಡುವುದಾ ಬೇಡವಾ ಅಂತ ಬೇಕಾದ್ರೆ ಯೋಚಿಸುವ."

ಶುಕ್ರವಾರ ಫಲಿತಾಂಶ ಬಂತು. ಗುಲಾಬಿ ಕರ್ಕೇರ, ಮೂವತ್ತೈದು.

ನನ್ನ ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. ಭುಜಂಗ ರಾವ್ ನನ್ನ ಬಗ್ಗೆ ಕಾಲು ಗಂಟೆ ಒಳ್ಳೆಯ ಮಾತಾಡಿದರು. ಆಮೇಲೆ ಒಂದು ತಟ್ಟೆ ಬಂತು. ಅದರಲ್ಲಿ ಶಾಲು, ಹಣ್ಣು, ಗಂಧದ ಹಾರ ಮತ್ತು ಒಂದು ಉದ್ದ ಲಕೋಟೆ. ಶಾಲು ಹೊದಿಸುತ್ತಾ ಅವರು ಕಿವಿಯ ಹತ್ತಿರ, "ನೋಟಿಸು ಮೇಡಂ. ಈ ದಿನದ ಒಳಗೆ ಕೊಡ್ಬೇಕಿತ್ತು, ಬೇರೆ ಟೈಮ್ ಸಿಗ್ಲಿಲ್ಲ. ಸಿಕ್ಕಿತು ಅಂತ ಈ ರಶೀದಿಗೆ ಸಹಿ ಮಾಡಿ ಕೊಡಿ" ಎಂದರು. ವೇದಿಕೆಯಲ್ಲೇ ಸಹಿ ಮಾಡಿದೆ. ಸಭಿಕರು ನಾನು ಹಸ್ತಾಕ್ಷರ ಕೊಡುತ್ತಿದ್ದೇನೆ ಎಂದು ಚಪ್ಪಾಳೆ ಹೊಡೆದರು.

ಮನೆಗೆ ಹೋಗಿ ಲಕೋಟೆ ತೆರೆದು ನೋಡಿದೆ. 'ಅರವತ್ತೊಂದನೆಯ ಪ್ರಶ್ನೆಯಿಂದ ಸಾಂಖ್ಯ ದರ್ಶನವನ್ನು ಯಾವ ಅಧಿಕಾರದ ಮೇರೆಗೆ ಕೈಬಿಟ್ಟಿರಿ? ತನ್ಮೂಲಕ ದೇವರ ಅಸ್ತಿತ್ವದ ಬಗ್ಗೆ ಸಂಸ್ಥೆಯ ನಿಲುವು ತಪ್ಪಾಗಿ ಪ್ರಕಟವಾದುದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು?' ನಾನು ಉತ್ತರ ಬರೆದೆ: ಅಧಿಕಾರ ಇರಲಿಲ್ಲ, ಕಣ್ಣು ತಪ್ಪಿತು. ಸಂಸ್ಥೆಯ ಸರಿಯಾದ ನಿಲುವು ಯಾವುದೆಂದು ತಿಳಿಸಿದರೆ ಮುಂದೆ ಎಚ್ಚರ ವಹಿಸುವೆ. ಆ ಪತ್ರಕ್ಕೆ ಉತ್ತರ ಬರೆಯಲು ಮ್ಯಾನೇಜ್‌ಮೆಂಟ್ ಒಂದು ಉಪಸಮಿತಿ ಮಾಡಿತು. ನಿಲುವು ಯಾವುದೆಂದು ಅವರಿಗೆ ಒಮ್ಮತ ಆಗಲಿಲ್ಲವಂತೆ. ಕಡತ ಇನ್ನೂ ಮುಚ್ಚಿಲ್ಲ. ಪರೀಕ್ಷೆಯ ಯಾವ ಕೆಲಸಕ್ಕೂ ಇನ್ನು ನನ್ನನ್ನು ಕರೆಯಬಾರದು ಎಂಬುದು ಮಾತ್ರ ತೀರ್ಮಾನವಾಯಿತು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಫೆರಿ ಹತ್ತಿ ಬೆಂಗ್ರೆಗೆ ಹೋದೆ. ಇಷ್ಟು ವರ್ಷ ಬಂದರಿನ ಪಕ್ಕದಲ್ಲೇ ಕೆಲಸ ಮಾಡಿ ನದಿ ದಾಟಿದ್ದು ಅದೇ ಮೊದಲು. ಸೊಸೈಟಿಯ ಆಫೀಸು ಹುಡುಕುವುದು ಕಷ್ಟ ಆಗಲಿಲ್ಲ. ಹೊರಗೆ ಬಲೆ ಹರಡಿ ಹೊಲಿಯುತ್ತಿದ್ದವರು ದಾರಿ ಬಿಟ್ಟರು. ಒಳಗೆ ಕಾರ್ಯದರ್ಶಿಯ ಕುರ್ಚಿಯಲ್ಲಿ ಗುಲಾಬಿ ಕೂತಿದ್ದರು. ಕಿಟಕಿಯ ಹೊರಗೆ ನಾಲ್ಕೈದು ಮಂದಿ ಕಾಗದ ಹಿಡಿದು ಕಾಯುತ್ತಿದ್ದರು.

"ಬನ್ನಿ ಮೇಡಂ, ಬನ್ನಿ!" ಅವರು ಎದ್ದು ತಮ್ಮ ಕುರ್ಚಿಯಲ್ಲೇ ನನ್ನನ್ನು ಕೂರಿಸಿದರು. ಕುಡಿಯಲು ಎಳನೀರಿನ ಬೊಂಡ ತರಿಸಿದರು. ಮನೆ, ಮಳೆ, ಮೊಣಕಾಲು ನೋವು ಎಲ್ಲ ಮಾತಾಡಿ ಆಯಿತು. ನಾನು ಮೂರು ಪದದ ಕತೆ ಹೇಳಿದೆ. ಕ್ಷಮೆಯನ್ನೂ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹಾಗಾದ್ರೆ ಸಾಂಖ್ಯದವರನ್ನು ಕೇಳಿದ್ದಾ ಅದು?"

"ಹೌದು."

"ಅವರು ಎಂತ ಹೇಳಿದ್ದಾರೆ ಅಂತ ನನಗೆ ಗೊತ್ತಿತ್ತು ಮೇಡಂ. ಎರಡು ನಿಮಿಷದಲ್ಲಿ ಬರೀತಿದ್ದೆ." ಅವರು ನಗಲಿಲ್ಲ. ಮೇಜಿನ ಖಾನೆ ಎಳೆದು ಆ ಪ್ರಶ್ನೆಪತ್ರಿಕೆಯನ್ನೇ ಹೊರಗೆ ತೆಗೆದರು. ಅರವತ್ತೊಂದರ ಪುಟಕ್ಕೆ ಮಡಚಿ ಇಟ್ಟಿದ್ದರು. "ಒಂದು ಕೇಳ್ಲಾ? ನೀವು ಯಾವುದಕ್ಕೆ ಕಪ್ಪು ಮಾಡ್ತಿದ್ರಿ?"

"ಅದು ರದ್ದಾಗಿದೆಯಲ್ಲ ಗುಲಾಬಿ."

"ಕಾಲೇಜಿನಲ್ಲಿ ರದ್ದು."

ಪತ್ರಿಕೆಯನ್ನು ನನ್ನ ಮುಂದೆ ಇಟ್ಟು ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು. ಯಾರು ಏನು ಹೇಳಿದ್ದಾರೆ ಎಂದು ನನ್ನನ್ನು ಸಾವಿರಾರು ಮಂದಿ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅಮ್ಮ ಕೇಳಿದ್ದರೋ ಏನೋ, ನಾನು ತಮಾಷೆ ಮಾಡಿ ಮುಗಿಸಿದ್ದೆ. ಪೆನ್ನನ್ನು 'ಅ' ಹತ್ತಿರ ಹಿಡಿದೆ. 'ಆ' ಹತ್ತಿರ ತಂದೆ. ಇನ್ನೆರಡನ್ನೂ ಓದಿದೆ. ಪುಟದ ಅಂಚಿನಲ್ಲಿ ಖಾಲಿ ಜಾಗ ಇತ್ತು, ಆದರೆ ಅಲ್ಲಿ ಗುಲಾಬಿ ಬರೆದದ್ದನ್ನೇ ನಾನೂ ಬರೆದರೆ ಅದು ಕಾಪಿ ಹೊಡೆದಂತೆ.

"ಪೆನ್ಸಿಲ್ ಉಂಟಾ?" ಎಂದು ಕೇಳಿದೆ.

"ಪೆನ್ಸಿಲ್ ಆದ್ರೆ ಮಿಶಿನ್ ಓದುವುದಿಲ್ಲ ಮೇಡಂ."

ಕಿಟಕಿಯಲ್ಲಿ ಒಬ್ಬರು ಕಾಗದ ಒಳಗೆ ಚಾಚಿ ಏನೋ ಗೊಣಗಿದರು. ಗುಲಾಬಿ ಎದ್ದು ಹೋಗಿ ಅರ್ಧ ಬಾಗಿಲು ಎಳೆದರು.

"ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದು ಅವರಿಗೆ ಹೇಳಿದ್ದು ಕೇಳಿಸಿತು. "ಟೀಚರ್ ಪರೀಕ್ಷೆ ಬರೀತಾ ಇದ್ದಾರೆ."